ಬದುಕು ಹೊರಳುವ ಹೊತ್ತಿನಲ್ಲಿ ದೇವರ ದಾರಿಯನ್ನು ನಂಬಿ ನಡೆಯುವ ಬಗೆ

ಕೊಡಗಿನಲ್ಲಿ ಬದುಕಿನ ದೊಡ್ಡ ಬದಲಾವಣೆ ಎಂದರೆ ಹೆಚ್ಚಿನ ಸಂದರ್ಭಗಳಲ್ಲಿ ಅದು ಮನೆ ಮತ್ತು ಭೂಮಿಗೆ ಸಂಬಂಧಿಸಿದ ಪ್ರಶ್ನೆಯೇ ಆಗಿರುತ್ತದೆ. ಸೇನೆಯಿಂದ ನಿವೃತ್ತರಾದವರು ಊರಿಗೆ ಮರಳಿ ತೋಟ ನೋಡಿಕೊಳ್ಳಬೇಕೇ, ಮೈಸೂರಿನಲ್ಲೇ ನೆಲೆಸಬೇಕೇ ಎಂದು ಯೋಚಿಸುತ್ತಾರೆ. ಮಕ್ಕಳು ಬೆಂಗಳೂರಿನಲ್ಲೋ ವಿದೇಶದಲ್ಲೋ ಇರುವ ವಯಸ್ಸಾದ ದಂಪತಿ ತೋಟವನ್ನು ಮಾರುವುದೋ ಗುತ್ತಿಗೆಗೆ ಕೊಡುವುದೋ ಎಂದು ವರ್ಷಗಟ್ಟಲೆ ತೂಗಿ ನೋಡುತ್ತಾರೆ. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳೊಬ್ಬಳು ಗಂಡನ ಒಕ್ಕದಲ್ಲೇ, ಅಂದರೆ ಅವನ ಮನೆತನದಲ್ಲೇ, ಉಳಿಯುವುದೋ ತವರಿಗೆ ಮರಳುವುದೋ ಎಂದು ತಿಳಿಯದೆ ಕುಳಿತಿರುತ್ತಾಳೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ ಕಡೆಗಳಲ್ಲಿ ಗುಡ್ಡಗಳು ಜರಿದಾಗ ಎಷ್ಟೋ ಕುಟುಂಬಗಳಿಗೆ ಹೀಗೆ ಯೋಚಿಸುವ ಅವಕಾಶವೂ ಸಿಗಲಿಲ್ಲ. ಜಂಬೂರು, ಕರ್ಣಂಗೇರಿ, ಮದೆನಾಡಿನ ಪುನರ್ವಸತಿ ಮನೆಗಳಲ್ಲಿ ಅವರು ಹೊಸದಾಗಿ ಒಲೆ ಹೂಡಬೇಕಾಯಿತು. ಇಂಥ ಹೊತ್ತಿನಲ್ಲಿ ‘ದೇವರ ಮೇಲೆ ಭಾರ ಹಾಕಿ’ ಎನ್ನುವವರು ಬಹಳ ಮಂದಿ ಇರುತ್ತಾರೆ. ಭಾರ ಹಾಕಿದ ಮೇಲೆ ಮರುದಿನ ಬೆಳಿಗ್ಗೆ ಎದ್ದು ಏನು ಮಾಡಬೇಕು ಎಂಬುದನ್ನು ಹೇಳುವವರು ಕಡಿಮೆ. ಆ ಎರಡನೆಯ ಸಂಗತಿಯನ್ನು ಕುರಿತು ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ನನ್ನ ನಿಲುವನ್ನು ಹೇಳಿಬಿಡುತ್ತೇನೆ. ದೇವರ ಮಾರ್ಗದರ್ಶನವನ್ನು ನಂಬುವವರಿಗೆ ನಿರ್ಧಾರದ ಹೊಣೆಯಿಂದ ಬಿಡುಗಡೆ ಸಿಗುತ್ತದೆ ಎಂದು ನಾನು ಒಪ್ಪುವುದಿಲ್ಲ. ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಯಾವುದೇ ಕಾರ್ಯ ನಡೆಯಲು ಐದು ಕಾರಣಗಳನ್ನು ಹೇಳಲಾಗಿದೆ: ಆಶ್ರಯವಾದ ನೆಲೆ, ಮಾಡುವವನು, ಸಾಧನಗಳು, ಬಗೆಬಗೆಯ ಪ್ರಯತ್ನಗಳು, ಐದನೆಯದಾಗಿ ದೈವ. ದೈವಕ್ಕೆ ಅಲ್ಲಿ ಖಚಿತವಾದ ಜಾಗವಿದೆ, ಆದರೆ ಉಳಿದ ನಾಲ್ಕನ್ನು ಅದು ನುಂಗಿಹಾಕುವುದಿಲ್ಲ. ಅದೇ ಅಧ್ಯಾಯದ ಕೊನೆಯ ಭಾಗದಲ್ಲಿ, ಹೇಳಬೇಕಾದುದನ್ನೆಲ್ಲ ಹೇಳಿದ ಮೇಲೆ ಕೃಷ್ಣನು ಅರ್ಜುನನಿಗೆ ಇದನ್ನೆಲ್ಲ ಪೂರ್ತಿಯಾಗಿ ವಿಮರ್ಶಿಸಿ ನಿನ್ನ ಇಚ್ಛೆಯಂತೆ ಮಾಡು ಎನ್ನುತ್ತಾನೆ. ಎದುರಿಗೇ ನಿಂತು ಮಾತಾಡುತ್ತಿದ್ದ ದೇವರು ಕೂಡ ಆಯ್ಕೆಯನ್ನು ಮನುಷ್ಯನ ಕೈಯಲ್ಲೇ ಬಿಟ್ಟ ಮೇಲೆ, ನಮ್ಮ ಪರವಾಗಿ ಆಯ್ಕೆ ಮಾಡಿಕೊಡಲಿ ಎಂದು ನಾವು ಕಾಯುತ್ತ ಕೂರುವುದು ಭಕ್ತಿಯೆಂದು ನನಗೆ ತೋರುವುದಿಲ್ಲ. ಆದ್ದರಿಂದ ಮುಂದೆ ಹೇಳುವ ಪ್ರತಿಯೊಂದು ಕೆಲಸವೂ ನಾವು ಮಾಡಬೇಕಾದದ್ದು. ದಾರಿ ತೋರುವುದು ಆ ಕೆಲಸಗಳ ನಡುವೆಯೇ ಎಂಬುದು ನನ್ನ ನಂಬಿಕೆ.

ಕೇಳಬೇಕಾದ ಪ್ರಶ್ನೆ ಯಾವುದೆಂದು ತಿಳಿದುಕೊಳ್ಳುವುದು

ಪ್ರಾರ್ಥನೆಗೆ ಕೂರುವ ಮುನ್ನ ಒಂದು ಹಾಳೆಯಲ್ಲಿ ಮೂರು ಬಗೆಯ ಸಂಗತಿಗಳನ್ನು ಬೇರೆಬೇರೆಯಾಗಿ ಬರೆದುಕೊಳ್ಳಬೇಕು: ಈಗಾಗಲೇ ನಡೆದುಹೋಗಿ ಇನ್ನು ಬದಲಾಗದಿರುವುದು, ನಮ್ಮ ಕೈಯಲ್ಲಿರುವುದು, ಯಾರ ಕೈಯಲ್ಲೂ ಇಲ್ಲದಿರುವುದು. ನಿವೃತ್ತ ಯೋಧರೊಬ್ಬರ ಉದಾಹರಣೆಯನ್ನೇ ತೆಗೆದುಕೊಂಡರೆ, ಸೇವೆ ಮುಗಿದಿರುವುದು ಮೊದಲನೆಯದು. ಪಿಂಚಣಿಯ ಹಣವನ್ನು ತೋಟಕ್ಕೆ ಹಾಕಬೇಕೇ ಬೇಡವೇ ಎಂಬುದು ಎರಡನೆಯದು. ಮುಂದಿನ ವರ್ಷ ಕಾಫಿಗೆ ಎಷ್ಟು ಬೆಲೆ ಬರುತ್ತದೆ ಎಂಬುದು ಮೂರನೆಯದು. ನಾನು ಕಂಡಂತೆ ಬಹಳಷ್ಟು ಜನರ ಪ್ರಾರ್ಥನೆ ಒಂದನೆಯ ಮತ್ತು ಮೂರನೆಯ ಸಂಗತಿಗಳ ಸುತ್ತಲೇ ತಿರುಗುತ್ತದೆ. ಹೋದದ್ದು ಮರಳಿ ಬರಲಿ, ಬರಲಿರುವುದು ಈಗಲೇ ತಿಳಿಯಲಿ ಎಂದು ಬೇಡಿ ಬೇಡಿ ದಣಿದು, ನಡುವಿನ ಸಂಗತಿಯನ್ನು ದೇವರ ಮುಂದೆ ಇಡುವುದನ್ನೇ ಮರೆಯುತ್ತಾರೆ. ಮಾರ್ಗದರ್ಶನ ಬೇಕಾಗಿರುವುದು ಅದಕ್ಕೆ ಮಾತ್ರ.

ಇನ್ನೊಂದು ಪರೀಕ್ಷೆಯನ್ನೂ ಈ ಹಂತದಲ್ಲೇ ಮಾಡಿಕೊಳ್ಳಬೇಕು. ನಮಗೆ ಬೇಡವಾದ ಉತ್ತರ ಬಂದರೆ ಅದನ್ನು ಒಪ್ಪುತ್ತೇವೆಯೇ, ಅಥವಾ ಇನ್ನೊಬ್ಬ ಜೋಯಿಸರನ್ನು ಹುಡುಕಿಕೊಂಡು ಹೋಗುತ್ತೇವೆಯೇ ಎಂದು ನಮ್ಮನ್ನೇ ಕೇಳಿಕೊಳ್ಳಬೇಕು. ಎರಡನೆಯದು ನಿಜವಾದರೆ ನಿರ್ಧಾರ ಆಗಲೇ ಆಗಿಹೋಗಿದೆ, ದೇವರ ಮುದ್ರೆಯೊಂದು ಬಾಕಿ ಇದೆ ಅಷ್ಟೆ. ಹಾಗಿದ್ದರೆ ಅದನ್ನು ಮನೆಯವರ ಮುಂದೆ ‘ಇದು ನನ್ನ ತೀರ್ಮಾನ’ ಎಂದೇ ಹೇಳುವುದು ಪ್ರಾಮಾಣಿಕತೆ. ನಾಡಿನ ಆರಾಧ್ಯದೈವದ ಹೆಸರೆತ್ತಿ ‘ಇಗ್ಗುತ್ತಪ್ಪನ ಇಚ್ಛೆ’ ಎಂದು ಹೇಳಿದ ಕೂಡಲೇ ಹೆಂಡತಿಯೋ ತಮ್ಮನೋ ಎದುರಾಡುವ ಹಾಗೇ ಇರುವುದಿಲ್ಲ. ದೇವರ ಹೆಸರನ್ನು ಹಾಗೆ ಬಾಯಿ ಮುಚ್ಚಿಸಲು ಬಳಸುವುದು ನಮ್ಮ ಮನೆಗಳಲ್ಲಿ ಅಪರೂಪವೇನಲ್ಲ.

ಯಾವ ಹೊತ್ತಿನಲ್ಲಿ ನಿರ್ಧರಿಸಬಾರದು

ಹಿಂದಿನವರು ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಶುಭಕಾರ್ಯಗಳನ್ನು ಇಟ್ಟುಕೊಳ್ಳುತ್ತಿರಲಿಲ್ಲ. ಗದ್ದೆಯ ಕೆಲಸ ಬಿಡುವಿಲ್ಲದ ಕಾಲ, ಮಳೆ ಹಿಡಿದು ಕೂತಿರುವ ಕಾಲ, ಹದಿನೆಂಟನೆಯ ದಿನ ಮದ್ದುಸೊಪ್ಪಿನ ಪಾಯಸ ಉಂಡು ದೇಹವನ್ನು ಕಾಪಾಡಿಕೊಳ್ಳಬೇಕಾದ ಕಾಲ ಅದು. ಆ ಕಟ್ಟುಪಾಡಿನಲ್ಲಿ ಮನಸ್ಸಿಗೂ ಅನ್ವಯಿಸುವ ವಿವೇಕವಿದೆ ಎಂದು ನನಗೆ ಅನಿಸುತ್ತದೆ. ವಾರಗಟ್ಟಲೆ ಬಿಸಿಲು ಕಾಣದೆ, ಕರೆಂಟು ಇಲ್ಲದೆ, ಆನೆ ನುಗ್ಗಿದ ಬಾಳೆತೋಟವನ್ನು ನೋಡಿಕೊಂಡು ಕೂತಿರುವಾಗ ‘ಎಲ್ಲ ಮಾರಿ ಹೋಗಿಬಿಡೋಣ’ ಎಂದು ಯಾರಿಗಾದರೂ ಅನಿಸುತ್ತದೆ. ಅದೇ ಮಾತು ಸುಗ್ಗಿಹಬ್ಬವಾದ ಹುತ್ತರಿಯ ಕದಿರು ಮನೆಗೆ ಬಂದ ಮೇಲೂ ಮನಸ್ಸಿನಲ್ಲಿ ಉಳಿದಿದ್ದರೆ ಆಗ ಅದಕ್ಕೆ ತೂಕವಿದೆ.

ಕ್ರೈಸ್ತ ಪರಂಪರೆಯಲ್ಲಿ ಇದೇ ಮಾತನ್ನು ನಿಯಮವಾಗಿಯೇ ಬರೆದಿಟ್ಟವರು ಸಂತ ಇಗ್ನೇಷಿಯಸ್ ಲೊಯೋಲ. 1521ರಲ್ಲಿ ಸ್ಪೇನಿನ ಪಂಪ್ಲೋನಾದ ಕಾಳಗದಲ್ಲಿ ಫಿರಂಗಿ ಗುಂಡಿಗೆ ಕಾಲು ಮುರಿದುಕೊಂಡು ಹಾಸಿಗೆ ಹಿಡಿದಿದ್ದ ಆ ಸೈನಿಕ, ತನ್ನಲ್ಲಿ ಏಳುವ ಯೋಚನೆಗಳಲ್ಲಿ ಕೆಲವು ಆ ಕ್ಷಣಕ್ಕೆ ಸುಖ ಕೊಟ್ಟು ಆಮೇಲೆ ಮನಸ್ಸನ್ನು ಒಣಗಿಸುತ್ತವೆ, ಇನ್ನು ಕೆಲವು ಮುಗಿದ ಮೇಲೂ ನೆಮ್ಮದಿಯನ್ನು ಉಳಿಸುತ್ತವೆ ಎಂಬುದನ್ನು ಗಮನಿಸಿದರು. ದೇವರು ದೂರವಾದಂತೆ ತೋರುವ, ಮನಸ್ಸು ಕುಗ್ಗಿದ ಹೊತ್ತಿನಲ್ಲಿ ಹೊಸ ನಿರ್ಧಾರ ತೆಗೆದುಕೊಳ್ಳಬಾರದು, ನೆಮ್ಮದಿಯ ಕಾಲದಲ್ಲಿ ಮಾಡಿದ ಸಂಕಲ್ಪದಲ್ಲೇ ನಿಲ್ಲಬೇಕು ಎಂಬುದು ಅವರು ಹಾಕಿಕೊಟ್ಟ ನಿಯಮ. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚಿಗೆ ಹೋಗುವವರು ಈ ಮಾತನ್ನು ತಮ್ಮ ಗುರುಗಳಿಂದ ಕೇಳಿರಬಹುದು. ಉಳಿದವರೂ ಕೇಳಿಸಿಕೊಳ್ಳಬೇಕಾದ ಮಾತು. ದುಃಖದ ಮೊದಲ ವರ್ಷದಲ್ಲಿ ತೋಟ ಮಾರಬೇಡಿ ಎಂದು ನಮ್ಮ ಹಿರಿಯ ಹೆಂಗಸರು ಹೇಳುವುದರಲ್ಲಿಯೂ ಇದೇ ತಿಳಿವಳಿಕೆಯಿದೆ.

ಇದಕ್ಕೆ ಒಂದು ವಿನಾಯಿತಿ ಇದೆ, ಅದನ್ನು ಒತ್ತಿ ಹೇಳಬೇಕು. ಮನೆಯ ಹಿಂದಿನ ದಿಣ್ಣೆಯಲ್ಲಿ ಬಿರುಕು ಕಂಡರೆ, ಮರಗಳು ವಾಲಿದರೆ, ಹಿಂದೆ ನೀರಿಲ್ಲದ ಕಡೆ ಕೆಸರುನೀರು ಉಕ್ಕಿದರೆ, ಅಥವಾ ಜಾಗ ಖಾಲಿ ಮಾಡಿ ಎಂದು ಅಧಿಕಾರಿಗಳು ತಿಳಿಸಿದರೆ ಆಗ ಪ್ರಾರ್ಥನೆಗಾಗಿ ಕೂರಬಾರದು, ಕೂಡಲೇ ಹೊರಡಬೇಕು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟದ ಒಂದು ಭಾಗ ಕುಸಿದು, ಅಲ್ಲಿ ಪೂಜೆ ಮಾಡಿಕೊಂಡಿದ್ದ ಅರ್ಚಕರೂ ಅವರ ಮನೆಯವರೂ ಪ್ರಾಣ ಕಳೆದುಕೊಂಡರು. ಕಾವೇರಮ್ಮನ ಸನ್ನಿಧಿಯಲ್ಲಿ ಬದುಕು ಸವೆಸಿದವರಿಗೂ ಮಣ್ಣು ರಿಯಾಯಿತಿ ತೋರಲಿಲ್ಲ ಎಂಬ ಸತ್ಯವನ್ನು ನಮ್ಮ ನಂಬಿಕೆ ತನ್ನೊಳಗೆ ಇಟ್ಟುಕೊಳ್ಳಲೇಬೇಕು. ಅವರ ಭಕ್ತಿಯಲ್ಲಿ ಕೊರತೆಯಿತ್ತೆಂದು ಹೇಳುವ ಧೈರ್ಯ ಯಾರಿಗಿದೆ? ನಂಬಿದವರಿಗೆ ಕಷ್ಟ ಬರುವುದಿಲ್ಲ ಎಂಬ ಮಾತನ್ನು ನಾವು ಆಡದಿರುವುದೇ ಒಳ್ಳೆಯದು.

ದಿನದ ಪ್ರಾರ್ಥನೆ

ಪ್ರಾರ್ಥನೆಗೆ ಒಂದು ಜಾಗ ಮತ್ತು ಒಂದು ಹೊತ್ತನ್ನು ಗೊತ್ತುಮಾಡಿಕೊಳ್ಳಬೇಕು. ಐನ್‌ಮನೆಯಲ್ಲಿ, ಅಂದರೆ ಒಕ್ಕದ ಮೂಲಮನೆಯಲ್ಲಿ, ಇರುವವರಿಗೆ ನಡುಮನೆಯಾದ ನೆಲ್ಲಕ್ಕಿಯ ತೂಗುದೀಪಕ್ಕಿಂತ ಬೇರೆ ಜಾಗ ಹುಡುಕಬೇಕಾಗಿಲ್ಲ. ಮನೆತನದ ಹಿರಿಯರಾದ ಗುರುಕಾರಣರನ್ನು ನೆನೆದು ಬೆಳಿಗ್ಗೆ ಮತ್ತು ಮುಸ್ಸಂಜೆ ದೀಪ ಹಚ್ಚುವ ಪದ್ಧತಿ ಅಲ್ಲಿ ಇದ್ದೇ ಇದೆ. ಬಾಡಿಗೆ ಮನೆಯಲ್ಲಿರುವವರಿಗೆ ಗೋಡೆಯ ಮೇಲಿನ ಒಂದು ಹಲಗೆಯೂ ಸಾಕು. ಒಂದು ಮಂಡಲ, ಅಂದರೆ 48 ದಿನ, ಅದೇ ಪ್ರಶ್ನೆಯನ್ನು ಅದೇ ಮಾತುಗಳಲ್ಲಿ ಇಡುವುದು ಒಳ್ಳೆಯ ಅವಧಿ ಎಂದು ನನ್ನ ಅಭಿಪ್ರಾಯ. ಒಂದೇ ವಾರದಲ್ಲಿ ಭಯವೂ ಆಸೆಯೂ ತಮ್ಮ ದನಿಯನ್ನು ಏರಿಸುತ್ತವೆ. ಅವಧಿ ಉದ್ದವಾದಷ್ಟೂ ಅವು ತಣ್ಣಗಾಗಿ ಉಳಿದದ್ದು ಕೇಳಿಸುತ್ತದೆ.

ಏನೆಂದು ಬೇಡಬೇಕು ಎಂಬುದು ಇನ್ನೂ ಮುಖ್ಯ. ಈ ವಿಷಯದಲ್ಲಿ ನನಗೆ ಬಹಳ ಹಿಡಿಸಿದ್ದು ಮುಸ್ಲಿಮರ ಇಸ್ತಿಖಾರಾ ಪ್ರಾರ್ಥನೆ. ನಿರ್ಧಾರವೊಂದು ಎದುರಾದಾಗ ಎರಡು ರಕಅತ್ (ಎರಡು ಸುತ್ತಿನ) ಐಚ್ಛಿಕ ನಮಾಜು ಮಾಡಿ ಬೇಡುವ ಆ ದುವಾದಲ್ಲಿ, ನೀನು ಬಲ್ಲೆ, ನಾನು ಅರಿಯೆ ಎಂದು ಮೊದಲಿಗೇ ಒಪ್ಪಿಕೊಳ್ಳಲಾಗುತ್ತದೆ. ಈ ಕೆಲಸ ನನ್ನ ಧರ್ಮಕ್ಕೆ, ಜೀವನಕ್ಕೆ, ಅಂತಿಮ ಪರಿಣಾಮಕ್ಕೆ ಒಳಿತಾಗಿದ್ದರೆ ಅದನ್ನು ನನಗೆ ಸುಲಭಗೊಳಿಸು, ಕೆಡುಕಾಗಿದ್ದರೆ ಅದನ್ನು ನನ್ನಿಂದಲೂ ನನ್ನನ್ನು ಅದರಿಂದಲೂ ದೂರಮಾಡು ಎಂದು ಕೇಳಲಾಗುತ್ತದೆ. ಕೊನೆಗೆ, ಒಳಿತು ಎಲ್ಲಿದ್ದರೂ ಅದನ್ನು ದಯಪಾಲಿಸಿ ಅದರಲ್ಲಿ ನನಗೆ ತೃಪ್ತಿಯನ್ನು ಕೊಡು ಎಂಬ ಬೇಡಿಕೆ ಇದೆ. ಆ ಕೊನೆಯ ಬೇಡಿಕೆಯನ್ನು ನಾವು ಬಹುತೇಕ ಬಿಟ್ಟುಬಿಡುತ್ತೇವೆ. ಸಿಕ್ಕಿದ್ದರಲ್ಲಿ ಮನಸ್ಸು ನಿಲ್ಲದಿದ್ದರೆ ಸರಿಯಾದ ದಾರಿಯೂ ತಪ್ಪಾಗಿಯೇ ಕಾಣುತ್ತದೆ. ಇಸ್ತಿಖಾರಾ ಮಾಡಿದ ರಾತ್ರಿ ಕನಸಿನಲ್ಲಿ ಉತ್ತರ ಬರಲೇಬೇಕೆಂದು ನಂಬುವವರಿದ್ದಾರೆ. ಆದರೆ ಕನಸು ಅದರ ಷರತ್ತಲ್ಲ ಎಂದು ವಿದ್ವಾಂಸರು ಹೇಳುತ್ತಾರೆ, ಜೊತೆಗೆ ತಿಳಿದವರೊಡನೆ ಸಮಾಲೋಚಿಸಬೇಕೆಂದೂ ಹೇಳುತ್ತಾರೆ. ಎಮ್ಮೆಮಾಡಿನ ಉರೂಸಿಗೆ ಎಲ್ಲ ಜಾತಿಯವರೂ ಹೋಗಿ ಹರಕೆ ಹೊರುವ ಈ ನಾಡಿನಲ್ಲಿ, ಆ ಬೇಡಿಕೆಯ ಕ್ರಮವನ್ನು ಯಾರು ತಮ್ಮ ದೇವರ ಮುಂದೆ ತಮ್ಮ ಮಾತಿನಲ್ಲಿ ಇಟ್ಟರೂ ತಪ್ಪಾಗಲಾರದು.

ದೀಪದ ಮುಂದಿನಿಂದ ಎದ್ದ ಮೇಲೆ ಒಂದು ಪುಸ್ತಕದಲ್ಲಿ ಎರಡು ಸಾಲು ಬರೆದಿಡಿ: ಇವತ್ತು ಮನಸ್ಸು ಯಾವ ಕಡೆ ವಾಲಿತು, ಆ ವಾಲುವಿಕೆಯ ಹಿಂದೆ ಭಯ ಇತ್ತೇ, ಹಟ ಇತ್ತೇ, ಸಮಾಧಾನ ಇತ್ತೇ. ಮಂಡಲ ಮುಗಿದ ಮೇಲೆ ಒಟ್ಟಿಗೆ ಓದಿದರೆ, ಒಂದೊಂದು ದಿನ ಕಾಣದ ದಿಕ್ಕು ಕಾಣಿಸುತ್ತದೆ.

ಸೂಚನೆ, ಪ್ರಶ್ನೆ, ಪ್ರಸಾದ

ಜೋಯಿಸರಲ್ಲಿ ಪ್ರಶ್ನೆ ಇಡಿಸುವುದು, ದೇವರ ಮುಡಿಯಿಂದ ಹೂವಿನ ಪ್ರಸಾದ ಕೇಳುವುದು, ದೈವ ಮೈಮೇಲೆ ಬಂದು ನುಡಿಯುವ ತೆರೆ ನಡೆಯುವಾಗ ಎದುರು ನಿಂತು ನುಡಿ ಕೇಳುವುದು ಇವೆಲ್ಲ ಇಲ್ಲಿ ಬಳಕೆಯಲ್ಲಿವೆ. ಅವನ್ನು ಬಿಡಿ ಎಂದು ನಾನು ಹೇಳುವುದಿಲ್ಲ, ಕೆಲವು ಕಟ್ಟುಗಳನ್ನು ಹಾಕಿಕೊಳ್ಳಿ ಎನ್ನುತ್ತೇನೆ. ಒಂದು ವಿಷಯಕ್ಕೆ ಒಂದೇ ಬಾರಿ ಕೇಳಬೇಕು. ಉತ್ತರ ಹಿಡಿಸಲಿಲ್ಲವೆಂದು ಮತ್ತೆ ಕೇಳಿದರೆ ಮೊದಲನೆಯದಕ್ಕೂ ಎರಡನೆಯದಕ್ಕೂ ಬೆಲೆ ಉಳಿಯುವುದಿಲ್ಲ. ಉತ್ತರ ಹೇಳುವವರಿಗೆ ಆ ನಿರ್ಧಾರದಿಂದ ಲಾಭವಿರಬಾರದು, ದುಬಾರಿ ಪರಿಹಾರ ಹೇಳಿ ಹಣ ಕೇಳುವವರ ಬಳಿಗಂತೂ ಹೋಗಲೇಬಾರದು. ವೈದ್ಯರು, ಸರ್ವೆಯವರು, ವಕೀಲರು ಹೇಳಬೇಕಾದ ವಿಷಯವನ್ನು ಹೂವಿಗೆ ಬಿಡಬಾರದು. ಹೊರಡುವಾಗ ಹಲ್ಲಿ ಲೊಚಗುಟ್ಟಿದ್ದು, ರಿಜಿಸ್ಟ್ರಾರ್ ಕಚೇರಿಯಲ್ಲಿ ಸರ್ವರ್ ಕೆಟ್ಟಿದ್ದು ಇವನ್ನೆಲ್ಲ ಅಡ್ಡಿಯ ಸೂಚನೆ ಎಂದುಕೊಂಡರೆ ಈ ಜಿಲ್ಲೆಯಲ್ಲಿ ಒಂದು ಕ್ರಯಪತ್ರವೂ ನೋಂದಣಿಯಾಗುವುದಿಲ್ಲ.

ಒಕ್ಕದವರೊಡನೆ ಮಾತು

ಸೂಚನೆಗಳಿಗಿಂತ ಹೆಚ್ಚಾಗಿ ದೇವರ ದಾರಿ ತಿಳಿಯುವುದು ಮನುಷ್ಯರ ಬಾಯಿಂದ ಎಂದು ನಾನು ನಂಬಿದ್ದೇನೆ. ಅದರಲ್ಲೂ ಕೊಡಗಿನ ಬದುಕಿನ ರಚನೆಯೇ ಹಾಗಿದೆ. ಕೊಡವರ ಮದುವೆಯಲ್ಲಿ ಪುರೋಹಿತರಿಲ್ಲದೆ, ದೀಪದ ಎದುರಿನಲ್ಲಿ ಹಿರಿಯರು ಅಕ್ಕಿ ಹಾಕಿ ಹರಸುವುದರಿಂದಲೇ ಕಾರ್ಯ ಪೂರ್ಣವಾಗುತ್ತದೆ. ಒಕ್ಕಕ್ಕೆ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯ ವಿಷಯವೂ ಅಷ್ಟೆ. ಪಹಣಿಯಲ್ಲಿ ಒಕ್ಕದ ಮುಖ್ಯಸ್ಥರಾದ ಪಟ್ಟೆದಾರರ ಹೆಸರಿದ್ದರೂ ಹಕ್ಕು ಒಕ್ಕದ ಇತರರಿಗೂ ಇರುವುದರಿಂದ, ಮಾರಾಟವಾಗಲಿ ಪಾಲಾಗಲಿ ಒಬ್ಬರ ಒಳಗಿನ ಪ್ರೇರಣೆಯಿಂದ ಮುಗಿಯುವ ಕೆಲಸವಲ್ಲ. ‘ನನಗೆ ದೇವರು ತೋರಿಸಿಕೊಟ್ಟ’ ಎನ್ನುವವರು ಆ ತೋರಿಕೆಯನ್ನು ಒಕ್ಕದವರ ಮುಂದೆ ಇಟ್ಟು ಅವರ ಪ್ರಶ್ನೆಗಳಿಗೆ ಉತ್ತರಿಸಲು ಸಿದ್ಧರಿರಬೇಕು. ಪ್ರಶ್ನೆಯನ್ನು ತಾಳಲಾರದ ಪ್ರೇರಣೆಯನ್ನು ನಾನು ನಂಬುವುದಿಲ್ಲ.

ಯಾರನ್ನು ಕೇಳಬೇಕು? ಪಟ್ಟೆದಾರರನ್ನು ಮರ್ಯಾದೆಗಾಗಿ ಕೇಳಲೇಬೇಕು, ಆದರೆ ಅಲ್ಲಿಗೆ ನಿಲ್ಲಿಸಬಾರದು. ಇದೇ ಬದಲಾವಣೆಯನ್ನು ಐದಾರು ವರ್ಷಗಳ ಹಿಂದೆ ದಾಟಿದ ಒಬ್ಬರು, ನಮ್ಮ ಆಸ್ತಿಯಲ್ಲಿ ಯಾವ ಪಾಲೂ ಇಲ್ಲದ ಒಬ್ಬರು, ನಮಗೆ ಇಷ್ಟವಿಲ್ಲದ್ದನ್ನು ಹೇಳುವ ಸ್ವಭಾವದ ಒಬ್ಬರು ಇವರಲ್ಲಿ ಇರಬೇಕು. ತೋಟ ಮಾರಿ ಮೈಸೂರಿಗೆ ಹೋದವರನ್ನು ಕೇಳುವಾಗ ‘ಚೆನ್ನಾಗಿದ್ದೀರಾ’ ಎಂದು ಕೇಳಿದರೆ ಚೆನ್ನಾಗಿದ್ದೇವೆ ಎಂದೇ ಹೇಳುತ್ತಾರೆ. ಬೆಳಿಗ್ಗೆ ಎದ್ದು ಹನ್ನೊಂದು ಗಂಟೆಯವರೆಗೆ ಏನು ಮಾಡುತ್ತೀರಿ, ಹುತ್ತರಿಗೆ ಎಲ್ಲಿಗೆ ಹೋಗುತ್ತೀರಿ ಎಂದು ಕೇಳಬೇಕು. ಮನೆಯ ಹೆಂಗಸರನ್ನು, ಅದರಲ್ಲೂ ಬೇರೆ ಊರಿನಿಂದ ಈ ಮನೆಗೆ ಬಂದು ನೆಲೆ ಊರಿದ ಅತ್ತೆ ಅಜ್ಜಿಯರನ್ನು ಕೇಳದೆ ತೀರ್ಮಾನಿಸುವುದು ದೊಡ್ಡ ತಪ್ಪು. ತನ್ನ ಊರು, ತನ್ನ ಒಕ್ಕದ ಹೆಸರು, ತನ್ನ ದಿನಚರಿ ಎಲ್ಲವೂ ಒಂದೇ ದಿನದಲ್ಲಿ ಬದಲಾದ ಅನುಭವ ಅವರಿಗಿದ್ದಷ್ಟು ಗಂಡಸರಿಗೆ ಇರುವುದಿಲ್ಲ.

ಎಲ್ಲರ ಮಾತು ಕೇಳಿ ಗೊಂದಲ ಹೆಚ್ಚಾದರೆ, ಮೇಲೆ ಹೆಸರಿಸಿದ ಇಗ್ನೇಷಿಯಸರ ಇನ್ನೆರಡು ಸಲಹೆಗಳು ಉಪಯೋಗಕ್ಕೆ ಬರುತ್ತವೆ. ನನಗೆ ಪರಿಚಯವೇ ಇಲ್ಲದ ಒಬ್ಬರು ಇದೇ ಸ್ಥಿತಿಯಲ್ಲಿ ಬಂದು ಕೇಳಿದರೆ ಅವರಿಗೆ ಏನು ಹೇಳುತ್ತಿದ್ದೆ ಎಂದು ಯೋಚಿಸುವುದು ಒಂದು. ಸಾಯುವ ಹೊತ್ತಿನಲ್ಲಿ ನಿಂತು ನೋಡಿದರೆ ಯಾವುದನ್ನು ಆಯ್ದಿರಬೇಕಿತ್ತು ಎನಿಸುತ್ತದೆ ಎಂದು ಕೇಳಿಕೊಳ್ಳುವುದು ಇನ್ನೊಂದು. ಮೊದಲನೆಯದರಿಂದ ಹಟ ಕರಗುತ್ತದೆ, ಎರಡನೆಯದರಿಂದ ಜನ ಏನನ್ನುತ್ತಾರೋ ಎಂಬ ಅಳುಕು.

ಹಿಂದಕ್ಕೆ ಬರಬಹುದಾದ ಹೆಜ್ಜೆಯನ್ನು ಮೊದಲು ಇಡುವುದು

ದಾರಿ ಪೂರ್ತಿ ಕಾಣುವವರೆಗೆ ಕಾಲೆತ್ತುವುದಿಲ್ಲ ಎನ್ನುವವರು ಎಂದೂ ಹೊರಡುವುದಿಲ್ಲ. ಒಂದೇ ಸಲಕ್ಕೆ ಎಲ್ಲ ಮಾರಿ ಹೊರಡುವವರಿಗೆ ತಪ್ಪು ತಿಳಿಯುವಷ್ಟರಲ್ಲಿ ಮರಳುವ ಜಾಗ ಇರುವುದಿಲ್ಲ. ಮಾರುವ ಮುನ್ನ ಒಂದು ವರ್ಷಕ್ಕೆ ಗುತ್ತಿಗೆ ಕೊಟ್ಟು ನೋಡಬಹುದು. ಮೈಸೂರಿಗೆ ಹೋಗಬೇಕೆಂದಿರುವವರು ಮಳೆಗಾಲದ ಮೂರು ತಿಂಗಳು ಅಲ್ಲಿ ಬಾಡಿಗೆ ಮನೆ ಹಿಡಿದು ಇದ್ದು ಬರಬಹುದು. ನಿವೃತ್ತಿಯ ಹಣದಲ್ಲಿ ತೋಟ ಕೊಳ್ಳಬೇಕೆಂದಿರುವವರು ಮೊದಲು ಬೇರೆಯವರ ತೋಟದಲ್ಲಿ ಒಂದು ಕೊಯ್ಲನ್ನು, ಅರೇಬಿಕಾ ಕಾಫಿಯಿಂದ ರೊಬಸ್ಟಾ ಕಾಫಿ ಮುಗಿಯುವವರೆಗೆ, ಜೊತೆಗಿದ್ದು ನೋಡಬಹುದು; ಹೊಸ ಕಾಫಿ ಗಿಡ ಫಸಲಿಗೆ ಬರಲು ಮೂರು ನಾಲ್ಕು ವರ್ಷ ಬೇಕು, ಆ ವರ್ಷಗಳ ಮನೆಖರ್ಚು ಎಲ್ಲಿಂದ ಬರುತ್ತದೆ ಎಂಬ ಲೆಕ್ಕವನ್ನು ದೇವರ ಮೇಲೆ ಹಾಕಬಾರದು.

ನಂಬಿಕೆ ಮತ್ತು ಪ್ರಯತ್ನ ಒಟ್ಟಿಗೆ ಹೇಗೆ ನಡೆಯುತ್ತವೆ ಎಂಬುದು ರೊಬಸ್ಟಾ ಬೆಳೆಗಾರರಿಗೆ ಹೊಸದಾಗಿ ಹೇಳಬೇಕಾದ ವಿಷಯವಲ್ಲ. ಕಾಫಿಯ ಹೂ ಅರಳಿಸುವ ಹೂಮಳೆ ಬರುತ್ತದೆಂದು ಕಾಯುತ್ತಾರೆ, ಬಾರದಿದ್ದರೆ ಕೆರೆಯ ನೀರಿನಲ್ಲಿ ಸ್ಪ್ರಿಂಕ್ಲರ್ ಹಾಕುತ್ತಾರೆ, ಹೂ ಅರಳಿದ ಮೇಲೆ ಕಾಯಿ ಕಟ್ಟಲು ಬೇಕಾದ ಬ್ಯಾಕಿಂಗ್ ಮಳೆಗಾಗಿ ಮತ್ತೆ ಆಕಾಶ ನೋಡುತ್ತಾರೆ. ಸ್ಪ್ರಿಂಕ್ಲರ್ ಹಾಕಿದ್ದು ಅಪನಂಬಿಕೆ ಎಂದು ಅವರಲ್ಲಿ ಯಾರೂ ಭಾವಿಸುವುದಿಲ್ಲ.

ಮೊದಲ ಹೆಜ್ಜೆ ಇಟ್ಟ ಮೇಲೆ ಗಮನಿಸಬೇಕಾದದ್ದು ಇಷ್ಟು: ಅಡ್ಡಿ ಬಂತೇ ಎಂಬುದು ಮುಖ್ಯವಲ್ಲ, ಅಡ್ಡಿ ಎದುರಾದಾಗ ನಾವು ಎಂಥವರಾದೆವು ಎಂಬುದು ಮುಖ್ಯ. ಮನೆಯವರ ಮೇಲೆ ರೇಗಾಟ ಹೆಚ್ಚಿತೇ, ಸುಳ್ಳು ಹೇಳಬೇಕಾಯಿತೇ, ಯಾರದಾದರೂ ಪಾಲನ್ನು ಮುಚ್ಚಿಡಬೇಕಾಯಿತೇ? ಹಾಗಾಗಿದ್ದರೆ ಕೆಲಸ ಎಷ್ಟೇ ಸಲೀಸಾಗಿ ಸಾಗುತ್ತಿದ್ದರೂ ನಿಲ್ಲಿಸಿ ಮತ್ತೆ ಯೋಚಿಸಬೇಕು. ಕೆಲಸ ಸಲೀಸಾಗಿ ಆದದ್ದೆಲ್ಲ ದೇವರ ಒಪ್ಪಿಗೆ ಎಂದುಕೊಳ್ಳುವುದು ಅಪಾಯಕಾರಿ.

ನಿರ್ಧಾರದ ನಂತರ

ತೀರ್ಮಾನ ಆದ ದಿನವೇ ಮನಸ್ಸು ಹಗುರಾಗುತ್ತದೆ ಎಂದು ನಿರೀಕ್ಷಿಸಬೇಡಿ. ಹೊಸ ಮನೆಯಲ್ಲಿ ಮೊದಲ ಕೆಲವು ತಿಂಗಳು ನಿದ್ದೆ ಸರಿಯಾಗಿ ಬಾರದು, ಬಿಟ್ಟು ಬಂದ ಅಂಗಳ ಕಣ್ಣ ಮುಂದೆ ಬರುತ್ತದೆ, ತಪ್ಪು ಮಾಡಿದೆವೇನೋ ಅನಿಸುತ್ತದೆ. ದುಃಖ ಇದೆ ಎಂದ ಮಾತ್ರಕ್ಕೆ ದಾರಿ ತಪ್ಪಿದೆ ಎಂದು ಅರ್ಥವಾಗುವುದಿಲ್ಲ. ಆದರೆ ವಾರಗಟ್ಟಲೆ ಊಟ ನಿದ್ದೆ ಬಿಟ್ಟು ಹೋದರೆ, ಬದುಕುವುದೇ ಬೇಡ ಎಂಬ ಯೋಚನೆ ಬಂದರೆ, ಅದು ನಂಬಿಕೆ ಸಾಲದ್ದಕ್ಕೆ ಬಂದ ಸ್ಥಿತಿ ಎಂದು ಯಾರಿಂದಲೂ ಹೇಳಿಸಿಕೊಳ್ಳದೆ ವೈದ್ಯರನ್ನು ಕಾಣಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಊರು ಬಿಟ್ಟವರು ಊರಿನ ದೈವಗಳನ್ನು ಬಿಟ್ಟಂತಾಗಬೇಕಿಲ್ಲ. ಹಿರಿಯರಿಗೆ ಎಡೆಯಿಡುವ ಕಾರಣಂಗ್ ಕೊಡ್ಪ ನಡೆಯುವ ದಿನ, ಊರಿನ ದೇವರ ಹಬ್ಬ, ತಲಕಾವೇರಿಯಲ್ಲಿ ತೀರ್ಥೋದ್ಭವವಾಗುವ ಅಕ್ಟೋಬರ್ ನಡುವಿನ ತುಲಾ ಸಂಕ್ರಮಣ ಇವುಗಳಲ್ಲಿ ಯಾವುದಕ್ಕೆ ಪ್ರತಿವರ್ಷ ತಪ್ಪದೆ ಬರುತ್ತೇವೆ ಎಂಬುದನ್ನು ಹೊರಡುವ ಮುನ್ನವೇ ಗೊತ್ತುಮಾಡಿಕೊಂಡು ಒಕ್ಕದವರಿಗೆ ತಿಳಿಸುವುದು ಒಳ್ಳೆಯದು. ಎಲ್ಲಕ್ಕೂ ಬರುತ್ತೇವೆ ಎಂದು ಹೇಳಿದವರು ಎರಡನೆಯ ವರ್ಷದಿಂದ ಯಾವುದಕ್ಕೂ ಬರುವುದಿಲ್ಲ, ಹೀಗೆಯೇ ಆಗುವುದನ್ನು ನಾನು ನೋಡಿದ್ದೇನೆ. ಭೂಮಿ ಮಾರುವುದಾದರೆ ಅದರೊಳಗೆ ಇರುವ ಕೈಮಡಕ್ಕೆ (ಹಿರಿಯರ ಗುಡಿಗೆ), ನಾಗನ ಕಲ್ಲಿಗೆ ಹೋಗುವ ದಾರಿಯ ಹಕ್ಕನ್ನು ಕ್ರಯಪತ್ರದಲ್ಲೇ ಬರೆಸಿಕೊಳ್ಳಬೇಕು. ಬಾಯಿಮಾತಿನ ಒಪ್ಪಿಗೆ ಮುಂದಿನ ಖರೀದಿದಾರರನ್ನು ಕಟ್ಟಿಹಾಕುವುದಿಲ್ಲ.

ಬದಲಾವಣೆಯ ಹೊತ್ತಿನಲ್ಲಿ ಹೊತ್ತ ಹರಕೆಗಳನ್ನು ದಿನಾಂಕದೊಡನೆ ಬರೆದಿಡಿ. ಪಾಡಿ ಇಗ್ಗುತ್ತಪ್ಪನಿಗೆ ಒಂದು, ಭಾಗಮಂಡಲದಲ್ಲಿ ಒಂದು, ಮಕ್ಕಳ ಹೆಸರಿನಲ್ಲಿ ಇನ್ನೊಂದು ಎಂದು ಹೊತ್ತು, ಯಾವುದನ್ನು ತೀರಿಸಿದೆವು ಎಂಬುದೇ ಮರೆತು, ಮುಂದೆ ಮನೆಯಲ್ಲಿ ಯಾರಿಗಾದರೂ ಜ್ವರ ಬಂದಾಗಲೆಲ್ಲ ಬಾಕಿ ಹರಕೆಯ ಭಯ ಹುಟ್ಟುವುದು ಬೇಡ. ಶಕ್ತಿಗೆ ಮೀರಿ ಹೊತ್ತಿದ್ದರೆ ದೇವಾಲಯದ ಮುಖ್ಯಸ್ಥರಾದ ತಕ್ಕರನ್ನೋ ಅರ್ಚಕರನ್ನೋ ಕಂಡು ವಿಷಯ ತಿಳಿಸಿ, ಅವರು ಹೇಳಿದಂತೆ ತೀರಿಸಿ, ಆ ಹಾಳೆಯಲ್ಲಿ ಗುರುತು ಹಾಕಿ ಪಹಣಿ ಪತ್ರಗಳ ಜೊತೆಯಲ್ಲೇ ಇಡಿ.